ನೀಲಿ ಲಂಗದವಳ ಪತ್ತೆ

ಒಂಬತ್ತನೇ ತರಗತಿಯ ಮಕ್ಕಳು ಅದನ್ನು ಕಾಗದದ ಪೀರಿಯಡ್ ಎನ್ನುತ್ತಿದ್ದರು. ವೇಳಾಪಟ್ಟಿಯಲ್ಲಿ ಅದಕ್ಕೆ ಬೇರೆ ಏನೋ ದೊಡ್ಡ ಹೆಸರಿತ್ತು. ಆ ಹೆಸರು ಕೊಟ್ಟ ಹಿಸ್ಟರಿ ಮಿಸ್ಸೇ ಅದನ್ನು ಮರೆತಿದ್ದಳು. ವಾರಕ್ಕೆರಡು ದಿನ, ಮಧ್ಯಾಹ್ನದ ಊಟ ಇನ್ನೂ ಎದೆಯ ಮೇಲೇ ಕೂತಿರುವ ಹೊತ್ತಿನಲ್ಲಿ, ಅವಳು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಹಿಡಿದು ಒಳಗೆ ಬರುತ್ತಿದ್ದಳು. ಡಬ್ಬಿ ಕಂಡರೆ ಸಾಕು, ಪಠ್ಯಪುಸ್ತಕಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು.

ಡಬ್ಬಿಯಲ್ಲಿದ್ದದ್ದು ಹಳೆಯ ಪತ್ರಿಕೆಗಳ ಪ್ರಕಟಣೆಗಳು. ಸಮುದ್ರದಾಚೆಯ ಕಬ್ಬಿನ ತೋಟಗಳಲ್ಲಿ ಮನುಷ್ಯರನ್ನು ದನ ಕೊಂಡ ಹಾಗೆ ಕೊಂಡು ದುಡಿಸುತ್ತಿದ್ದ ಕಾಲದವು. ಗುಲಾಮರಲ್ಲಿ ಯಾರಾದರೂ ತಪ್ಪಿಸಿಕೊಂಡು ಓಡಿಹೋದರೆ ಮಾಲೀಕ ಪತ್ರಿಕೆಗೆ ಬರೆಯುತ್ತಿದ್ದ: ಇಂಥವನು ಓಡಿಹೋಗಿದ್ದಾನೆ, ಎತ್ತರ ಇಷ್ಟು, ಮೈಮೇಲೆ ಇಂಥ ಗುರುತು, ಹಿಡಿದು ತಂದವರಿಗೆ ಬಹುಮಾನ. ಅಂಥ ಕಾಗದ ತರಗತಿಯ ಪ್ರತಿ ಮಗುವಿಗೂ ಒಂದೊಂದು. ಆ ಕಾಗದದೊಳಗಿನ ಮನುಷ್ಯ ವರ್ಷವಿಡೀ ಆ ಮಗುವಿನ ಪಾಲಿಗೆ.

ಇದೆಲ್ಲ ಶುರುವಾದದ್ದು ಹಿಂದಿನ ವರ್ಷ, ಒಂದು ಪ್ರಶ್ನೆಯಿಂದ. ಪಠ್ಯಪುಸ್ತಕದಲ್ಲಿ ಗುಲಾಮರ ಬಗ್ಗೆ ನಾಲ್ಕು ಸಾಲಿತ್ತು. ಅವರು ಬಹಳ ಕಷ್ಟಪಟ್ಟರು, ಆಮೇಲೆ ಒಂದು ಕಾನೂನು ಬಂತು, ಕಷ್ಟ ಮುಗಿಯಿತು. ಅದನ್ನು ಓದಿಸಿ ಮುಗಿಸಿದಾಗ, ಯಾವ ಗುಟ್ಟೂ ಬಾಯಲ್ಲಿ ನಿಲ್ಲದ್ದಕ್ಕೆ ಡಂಗುರ ಎಂದೇ ಎಲ್ಲರೂ ಕರೆಯುವ ಹುಡುಗ ಎದ್ದು ನಿಂತಿದ್ದ.

"ಮಿಸ್, ಕಾನೂನು ಬರೋವರ್ಗೂ ಅವರೇನೂ ಮಾಡ್ಲೇ ಇಲ್ವಾ? ಸುಮ್ನೆ ಕೂತಿದ್ರಾ?"

ಮಿಸ್ ಆ ದಿನ ಉತ್ತರ ಕೊಡಲಿಲ್ಲ. ಅವಳು ಮಾತಿಗೆ ಮೊದಲು ಬಹಳ ಹೊತ್ತು ತೆಗೆದುಕೊಳ್ಳುವ ಹೆಣ್ಣು. ಸ್ಟಾಫ್ ರೂಮಿನಲ್ಲಿ ಯಾರಾದರೂ ಚಹಾ ಬೇಕಾ ಎಂದು ಕೇಳಿದರೆ, ಅವಳು ಹೂಂ ಎನ್ನುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತದೆ ಎಂದು ಗಣಿತದ ಮೇಷ್ಟ್ರು ತಮಾಷೆ ಮಾಡುತ್ತಿದ್ದರು. ಎಂ.ಎ. ಮುಗಿಸಿ ಸಂಶೋಧನೆಗೆಂದು ದಾಖಲೆಗಳ ಕೋಣೆಯಲ್ಲಿ ಕೂತಿದ್ದ ದಿನಗಳಲ್ಲಿ ಅವಳು ಹುಡುಕುತ್ತಿದ್ದದ್ದು ಗುಲಾಮರೇ ಆಡಿದ ಒಂದು ಮಾತು. ಸಿಕ್ಕಿದ್ದೆಲ್ಲ ಮಾಲೀಕರ ಮಾತು, ಮೇಸ್ತ್ರಿಗಳ ದೂರು, ಗುಮಾಸ್ತರ ಷರಾ. ಮಾರ್ಗದರ್ಶಕರು, "ಇಲ್ಲದ್ದನ್ನ ಹುಡುಕ್ತಾ ಕೂತ್ರೆ ಜನ್ಮ ಸಾಲಲ್ಲ ಕಣಮ್ಮ, ಇರೋದನ್ನ ಬರಿ" ಎಂದಿದ್ದರು. ಅವಳಿಗೆ ಇರೋದನ್ನು ಬರೆಯಲು ಮನಸ್ಸಾಗಲಿಲ್ಲ. ಸಂಶೋಧನೆ ಅಲ್ಲಿಗೇ ನಿಂತಿತು, ಶಾಲೆಯ ಕೆಲಸ ಸಿಕ್ಕಿತು.

ಡಂಗುರನ ಪ್ರಶ್ನೆ ಅವಳನ್ನು ಮತ್ತೆ ಆ ಕೋಣೆಗೆ ಕಳಿಸಿತು. ರಜೆಯಲ್ಲಿ ಹೋಗಿ ಅದೇ ಪ್ರಕಟಣೆಗಳನ್ನು ಮತ್ತೆ ಓದಿದಳು. ಈ ಸಲ ಅವಳಿಗೆ ಬೇರೆಯೇ ಏನೋ ಕಂಡಿತು. ಹಿಡಿಯಬೇಕೆಂದರೆ ಗುರುತು ಹೇಳಲೇಬೇಕು. ಗುರುತು ಹೇಳಲು ಹೊರಟ ಮಾಲೀಕ, ತಾನು ಮನುಷ್ಯರೆಂದೇ ಎಣಿಸದವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಬರೆದಿದ್ದ. ಇವನು ಪಿಟೀಲು ಬಾರಿಸುತ್ತಾನೆ. ಇವಳು ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತದೆ. ಇವನು ಮೂರು ಭಾಷೆ ಬಲ್ಲ, ಮೂರರಲ್ಲೂ ಸುಳ್ಳು ಹೇಳಬಲ್ಲ. ಬೈಯಲು ತೆರೆದ ಬಾಯಿಂದ ಹೊಗಳಿಕೆ ಜಾರಿಬಿದ್ದಿತ್ತು.

ಪ್ರಕಟಣೆಗಳಲ್ಲಿದ್ದ ಹೆಸರುಗಳ ಮೇಲೆ ಅವಳು ಬಿಳಿ ಕಾಗದದ ಪಟ್ಟಿ ಅಂಟಿಸಿದಳು. "ಇದು ಮಾಲೀಕ ಇಟ್ಟ ಹೆಸರು. ಅಮ್ಮ ಏನಂತ ಕರೀತಿದ್ಲೋ ನಮಗೆ ಗೊತ್ತಿಲ್ಲ. ಗೊತ್ತಾಗೋವರೆಗೂ ಇದು ಬೇಡ" ಎಂದಳು. ಹಾಗಾಗಿ ಮಕ್ಕಳೇ ಗುರುತು ನೋಡಿ ಕರೆಯತೊಡಗಿದರು. ಪಿಟೀಲಣ್ಣ. ಗುಳಿಗಲ್ಲದಕ್ಕ. ಎರಡಂಗಿಯವನು. ತೊದಲು ಬಡಗಿ.

ತೊದಲು ಬಡಗಿಯ ದಿನ ಮಿಸ್ ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆದಳು. ಅವನ್ನು ವರ್ಷವಿಡೀ ಯಾರೂ ಅಳಿಸಲಿಲ್ಲ. 'ಯಾರು ಬರೆದದ್ದು? ಯಾರಿಗೋಸ್ಕರ ಬರೆದದ್ದು?'

"ಇವನು ತೊದಲ್ತಾನೆ ಅಂತ ಬರೆದಿದೆ. ಆ ತೊದಲು ಕೇಳಿಸ್ಕೊಂಡೋರು ಯಾರು?" ಎಂದು ಕೇಳಿದಳು.

"ಮಾಲೀಕ."

"ಬಡಗಿ ತನ್ನ ಹೆಂಡ್ತಿ ಹತ್ರಾನೂ ತೊದಲ್ತಿದ್ನಾ?"

ಡಂಗುರ ಹೇಳಿದ, "ಮಿಸ್, ಮಾರ್ಕ್ಸ್ ಕಾರ್ಡ್ ಬಂದ ದಿನ ಅಪ್ಪನ ಮುಂದೆ ನಾನೂ ತೊದಲ್ತೀನಿ."

"ಪುರಾವೆ?" ಎಂದಿತು ಪಕ್ಕದ ಬೆಂಚು. ಅದು ವಕೀಲಮ್ಮ. ಮಿಸ್ ವರ್ಷದ ಮೊದಲ ದಿನ, ಕಾಗದದಿಂದ ತೋರಿಸಲಾಗದ್ದನ್ನು ಹೇಳಬೇಡಿ ಎಂದಿದ್ದೇ ತಡ, ಆ ಹುಡುಗಿ ಜಗತ್ತಿನ ಪ್ರತಿ ಮಾತಿಗೂ ಪುರಾವೆ ಕೇಳಲು ಹೊರಟುಬಿಟ್ಟಿದ್ದಳು. ಊಟದ ಡಬ್ಬಿ ಮರೆತು ಬಂದೆ ಎಂದ ಗೆಳತಿಗೂ ಪುರಾವೆ ತೋರಿಸದೆ ಊಟ ಸಿಗುತ್ತಿರಲಿಲ್ಲ.

ಇನ್ನೊಬ್ಬಳು ಕಿಟಕಿ. ಕಿಟಕಿಯ ಪಕ್ಕ ಕೂರುತ್ತಾಳೆ, ಕಿಟಕಿಯಷ್ಟೇ ಮಾತಾಡುತ್ತಾಳೆ ಎಂದು ಆ ಹೆಸರು. ಹಾಜರಿ ಕರೆದಾಗಲೂ ಕೈ ಎತ್ತುತ್ತಿದ್ದಳು, ಅಷ್ಟೇ. ಬೇರೆ ಮೇಷ್ಟ್ರುಗಳಿಗೆ ಅವಳನ್ನು ಕಂಡರೆ ಸಿಟ್ಟು. ಹಿಸ್ಟರಿ ಮಿಸ್‌ಗೆ ಮಾತ್ರ, ಕನ್ನಡಿಯಲ್ಲಿ ಕಂಡ ತನ್ನದೇ ಹದಿನಾಲ್ಕು ವರ್ಷದ ಮುಖದ ಮೇಲೆ ಹುಟ್ಟುವಂಥ ಮರುಕ. ಡಬ್ಬಿಯಿಂದ ಕಿಟಕಿಯ ಕೈಗೆ ಬಂದದ್ದು ಈ ಕಾಗದ:

'ಓಡಿಹೋಗಿದ್ದಾಳೆ. ಸುಮಾರು ಮೂವತ್ತರ ಹೆಂಗಸು. ಎತ್ತರದವಳು. ಎಡ ಮುಂಗೈಯಲ್ಲಿ ಸುಟ್ಟ ಗುರುತು. ಹೋಗುವಾಗ ನೀಲಿ ಲಂಗ ಉಟ್ಟಿದ್ದಳು. ಇನ್ನೊಂದನ್ನು ಗಂಟಿನಲ್ಲಿ ಒಯ್ದಿದ್ದಾಳೆ. ಹೊಲಿಗೆ ಚೆನ್ನಾಗಿ ಬಲ್ಲಳು. ಮಾತು ಕಡಿಮೆ, ಮಾತನಾಡಿಸಿದರೆ ನೆಲ ನೋಡುತ್ತಾಳೆ. ಬಹಳ ಕಪಟಿ. ಹಿಂದೆಯೂ ಓಡಿಹೋಗಿ ಸಿಕ್ಕಿಬಿದ್ದವಳು. ಬಂದರಿನಲ್ಲಿ ಬಟ್ಟೆ ಒಗೆಯುವವರ ಕೇರಿಯಲ್ಲಿ ತಂಗಿ ಇದ್ದಾಳೆ; ಅಲ್ಲಿ ಅಡಗಿರಬಹುದು. ಹಿಡಿದು ತಂದವರಿಗೆ ತಕ್ಕ ಬಹುಮಾನ.'

ಕಿಟಕಿ ಅದನ್ನು ಓದಿದಳು. ಮತ್ತೆ ಓದಿದಳು. ಪೀರಿಯಡ್ ಮುಗಿದಾಗ ಡಬ್ಬಿಗೆ ಹಾಕುವ ಮೊದಲು ಕಾಗದದ ಮಡಿಕೆಯನ್ನು ಉಗುರಿನಿಂದ ನಯವಾಗಿ ತೀಡಿದಳು.

ತಿಂಗಳುಗಳು ಕಳೆದವು. ಮೇಸ್ತ್ರಿಯ ದೂರನ್ನು ಓದಿದರು: 'ಈ ಜನರ ಕೈಯಲ್ಲಿ ಗುದ್ದಲಿಗಳು ಮುರಿಯುವಷ್ಟು ಬೇರೆಲ್ಲೂ ಮುರಿಯುವುದಿಲ್ಲ.' ಅದನ್ನೋದಿ ಇಡೀ ತರಗತಿ ಚಪ್ಪಾಳೆ ತಟ್ಟಿತು. ನಾಟಿಯ ವಾರದಲ್ಲಿ ಮಾತ್ರ ಹೆಂಗಸರಿಗೆಲ್ಲ ಹೊಟ್ಟೆನೋವು ಬರುವುದೇಕೆ ಎಂದು ತಲೆ ಕೆಡಿಸಿಕೊಂಡ ಡಾಕ್ಟರನ ಟಿಪ್ಪಣಿ ಓದಿದರು. ಮತ್ತೊಂದು ದಿನ ಕೋರ್ಟಿನ ಹೇಳಿಕೆಗಳು ಬಂದವು. ಒಂದು ತೋಟದಲ್ಲಿ ಕಾಳಿನ ಉಗ್ರಾಣದ ಬೀಗ ಒಡೆದು ಕಾಳು ಮಾಯವಾಗಿತ್ತು. ಗುಲಾಮರ ಗುಡಿಸಲುಗಳವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಕೇಳಿದ್ದರು. ಆ ತೋಟದ ಬಡಗಿ ಹೇಳಿದ: ನಾನು ನಿದ್ದೆ ಮಾಡುತ್ತಿದ್ದೆ. ಅಡುಗೆಯವಳು ಹೇಳಿದಳು: ನಾನು ನಿದ್ದೆ ಮಾಡುತ್ತಿದ್ದೆ. ಗಾಡಿ ಹೊಡೆಯುವವನು, ಅವನ ಹೆಂಡತಿ, ಮುದುಕ, ಬಾಣಂತಿ, ಎಲ್ಲರದೂ ಅದೇ ಮಾತು.

"ಇಡೀ ಕೇರಿ ಹಾಗೆ ನಿದ್ದೆ ಮಾಡಿದ್ರೆ ಗೊರಕೆಗೇ ಬೀಗ ಒಡ್ದಿರತ್ತೆ ಮಿಸ್" ಎಂದ ಡಂಗುರ.

ನಗು ನಿಂತ ಮೇಲೆ ಮಿಸ್ ಮೆಲ್ಲಗೆ ಹೇಳಿದಳು, "ಯಾರೂ ಏನೂ ಹೇಳ್ಲಿಲ್ಲ ಅಂತ ಗುಮಾಸ್ತ ಷರಾ ಬರೆದಿದಾನೆ. ನಾನೂ ಮೊದಲು ಹಾಗೇ ಓದಿದ್ದೆ. ಆದ್ರೆ ಎಲ್ರೂ ಒಂದೇ ಮಾತು ಹೇಳಿದಾರೆ, ಅಲ್ವಾ? ಬಾಣಂತಿ ರಾತ್ರಿಯೆಲ್ಲ ನಿದ್ದೆ ಮಾಡ್ತಾಳಾ?"

ಮಕ್ಕಳು ಹಾಳೆಗಳನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಆ ಓದು ಅವಳಿಗೆ ಇಷ್ಟ. ಪೀರಿಯಡ್ ಮುಗಿಯುವವರೆಗೂ ಅದನ್ನು ಕದಡದೆ ಬಿಟ್ಟಳು.

ಹೀಗಿರುವಾಗ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಅವಳನ್ನು ಕರೆಸಿದರು. ಕೆಲವು ಪೋಷಕರು ದೂರು ಕೊಟ್ಟಿದ್ದರು. ಹಿಸ್ಟರಿ, ಗಣಿತ ಎರಡರ ಪೋರ್ಷನ್ನೂ ಹಿಂದೆ ಬಿದ್ದಿದೆ, ಮಕ್ಕಳು ಮನೆಯಲ್ಲಿ ಮಾತೆತ್ತಿದರೆ ಪುರಾವೆ ಕೇಳುತ್ತಾರೆ. ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದರೆ ಮನಸ್ಸಿಲ್ಲದ ಮಾತು ಬರುತ್ತದೆ ಎಂಬುದು ಶಾಲೆಗೆಲ್ಲ ಗೊತ್ತು.

"ನೋಡಮ್ಮ, ನಿನ್ನ ಡಬ್ಬಿ ನಂಗೂ ಇಷ್ಟಾನೇ. ಆದ್ರೆ ಇಲಾಖೆಯಿಂದ ಪರಿವೀಕ್ಷಕರು ಬರ್ತಿದಾರೆ. ಮಕ್ಕಳು ಕಾಗದ ಓದಿ ಉತ್ತರ ಕೊಟ್ರೆ ಪೀರಿಯಡ್ ಉಳಿಯತ್ತೆ. ಇಲ್ಲ ಅಂದ್ರೆ ಎರಡೂ ಗಣಿತಕ್ಕೆ. ನೀನು ಉಳಿದ ಪೀರಿಯಡ್‌ಗಳಲ್ಲಿ ನೋಟ್ಸ್ ಬರ್ಸಿ ಪೋರ್ಷನ್ ಮುಗಿಸ್ಬೇಕಾಗತ್ತೆ."

ಹೊರಗೆ ಗಣಿತದ ಮೇಷ್ಟ್ರು ಸಿಕ್ಕರು. ಒಳ್ಳೆಯ ಮನುಷ್ಯ, ಆದರೆ ಎರಡು ಪೀರಿಯಡ್ ಎಂದರೆ ಅವರ ಕಣ್ಣಲ್ಲಿ ಬೆಕ್ಕಿಗೆ ಹಾಲಿನ ಪಾತ್ರೆ ಕಂಡ ಹೊಳಪು.

"ನಿಮ್ಮ ಓಡಿಹೋದವರಿಗೆ ನನ್ನ ತ್ರಿಕೋನಗಳ ಮಧ್ಯೆ ಜಾಗ ಮಾಡಿಕೊಡ್ತೀನಿ ಬಿಡಿ, ಅವರೂ ಹಾಯಾಗಿರ್ಲಿ" ಎಂದರು.

"ನಿಮ್ಮ ಹತ್ರ ಇಟ್ರೆ ಮತ್ತೆ ಓಡಿಹೋಗ್ತಾರೆ ಸರ್" ಎಂದಳು ಅವಳು. ಆ ಉತ್ತರ ಅಷ್ಟು ಬೇಗ ಬಂದದ್ದಕ್ಕೆ ಇಬ್ಬರಿಗೂ ಆಶ್ಚರ್ಯವಾಯಿತು.

ಮನೆಯ ಕೆಳಗೆ ಅವಳ ತಮ್ಮನ ಜೆರಾಕ್ಸ್ ಅಂಗಡಿ. ಆ ಸಂಜೆ ಅವಳು ಮಾಸಿದ ಕಾಗದಗಳಿಗೆಲ್ಲ ಹೊಸ ಪ್ರತಿ ತೆಗೆಸಲು ಕೂತಳು. ಮಷಿನ್ ಕರ್‌ಕರ್ ಎಂದು ನಿಂತಿತು. ತಮ್ಮ ಅದರ ಬಾಗಿಲು ತೆರೆದು ಸುಕ್ಕಾದ ಹಾಳೆಯನ್ನು ಎಳೆಯುತ್ತ, "ಅಕ್ಕ, ಯಾವ ಬೇಟೆಗಾರನಿಗೂ ಸಿಗದೋರು ನನ್ನ ಮಷಿನ್‌ಗೆ ಸಿಕ್ಕಿಬಿದ್ರಲ್ಲೇ" ಎಂದ.

"ಮೆಲ್ಲಗೆ ಎಳಿಯೋ, ಹರೀತದೆ."

"ಹರಿದ್ರೆ ಇನ್ನೊಂದು ತೆಗೆಯೋಣ. ಇವರಿಗೇನು, ಎಷ್ಟು ಸಲ ಬೇಕಾದ್ರೂ ಓಡ್ತಾರೆ."

ಮೆಟ್ಟಿಲ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದ ಅಮ್ಮ ಕಣ್ಣೆತ್ತದೆ ಕೇಳಿದಳು, "ಆ ಪೀರಿಯಡ್ ಹೋದ್ರೆ ಏನಾಗತ್ತೆ? ಸಂಬಳ ಅಷ್ಟೇ ತಾನೆ?"

"ಅಷ್ಟೇ ಅಮ್ಮ."

"ಮತ್ತೆ ಮುಖ ಯಾಕೆ ಮೂರು ಮೊಳ ಮಾಡ್ಕೊಂಡಿದೀಯ?"

ಅವಳು ಬೆಚ್ಚಗಿನ ಪ್ರತಿಗಳನ್ನು ಜೋಡಿಸತೊಡಗಿದಳು. ಯಾರೂ ಕೇಳದೆ ಉಳಿದವರನ್ನು ಮೊದಲ ಸಲ ಒಂದು ಕೋಣೆ ತುಂಬ ಮಕ್ಕಳು ಕೇಳುತ್ತಿದ್ದಾರೆ. ತಾನು ಹುಡುಕಿ ಸೋತದ್ದು ಅಲ್ಲಿ, ಆ ಬೆಂಚುಗಳ ಮಧ್ಯೆ, ದಿನಾ ಸ್ವಲ್ಪ ಸ್ವಲ್ಪ ಸಿಗುತ್ತಿದೆ. ಆ ಬಾಗಿಲು ಮುಚ್ಚಿದರೆ ಇನ್ನೊಮ್ಮೆ ತೆರೆಯುವ ಶಕ್ತಿ ತನಗಿಲ್ಲ. ಇಷ್ಟನ್ನೂ ಹೇಳಲಾರದೆ, "ಮಕ್ಕಳಿಗೆ ಬೇಜಾರಾಗತ್ತೆ" ಎಂದಳು. ಅಮ್ಮ ಹೂಂ ಎಂದು ಒಂದು ಸಾಲು ಹೆಣೆದು, "ಮಕ್ಕಳಿಗೆ" ಎಂದಳು, ಅಷ್ಟೇ.

ಪರಿವೀಕ್ಷಕರು ಬರುವ ಹಿಂದಿನ ದಿನ ಅವಳು ತರಗತಿಗೆ ಹೇಳಿದಳು, "ನಾಳೆ ಒಬ್ಬ ಸರ್ ಬರ್ತಾರೆ. ನಮ್ಮ ಕಾಗದ ತಗೊಂಡು ಪ್ರಶ್ನೆ ಕೇಳ್ತಾರೆ. ಹೆದರ್ಬೇಡಿ. ನಿಮಗೆ ಗೊತ್ತಿರೋದನ್ನ ಹೊರಗೆ ತೆಗೆಸೋಕೆ ಬರೋದು ಅವರು."

"ಏನು ಗೊತ್ತಿರೋದು ಮಿಸ್?"

"ಇವರ ಬಗ್ಗೆ ಗೊತ್ತಿರೋದು ಎಲ್ಲಾನೂ."

ಪೀರಿಯಡ್ ಉಳಿಯುವುದು ನಿಮ್ಮ ಉತ್ತರದ ಮೇಲಿದೆ ಎಂದು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಮಕ್ಕಳ ತಲೆಯ ಮೇಲೆ ಅಂಥ ಭಾರ ಹೊರಿಸಬಾರದು ಎಂದುಕೊಂಡಳು.

ಪರಿವೀಕ್ಷಕರು ನೆಟ್ಟಗಿನ ಮನುಷ್ಯ, ತಾವೂ ಹಿಂದೆ ಹಿಸ್ಟರಿ ಮೇಷ್ಟ್ರಾಗಿದ್ದವರು. ಬೋರ್ಡಿನ ಮೇಲಿನ ಎರಡು ಪ್ರಶ್ನೆಗಳನ್ನು ನಿಂತು ಓದಿದರು, ತಲೆಯಾಡಿಸಿದರು. ಹಿಂದಿನ ಬೆಂಚಿನಲ್ಲಿ ದೊಡ್ಡ ಮೇಡಂ ಕೂತರು. ಮಿಸ್ ಗೋಡೆಗೆ ಒರಗಿ ನಿಂತಳು. ಪರಿವೀಕ್ಷಕರು ಡಬ್ಬಿಗೆ ಕೈ ಹಾಕಿ ಒಂದು ಕಾಗದ ತೆಗೆದು, ತುಂಬು ಗಂಟಲಲ್ಲಿ ಓದಿದರು. ನೀಲಿ ಲಂಗದವಳು.

ಕಿಟಕಿ ಬೆನ್ನು ನೆಟ್ಟಗೆ ಮಾಡಿದ್ದನ್ನು ಮಿಸ್ ನೋಡಿದಳು.

"ಸರಿ" ಎಂದರು ಪರಿವೀಕ್ಷಕರು, ಕಾಗದವನ್ನು ಬೀಸುತ್ತ. "ಈಗ ನಾನೇ ಆ ಮಾಲೀಕ ಅಂತ ಇಟ್ಕೊಳ್ಳಿ. ಈ ಹೆಂಗಸು ನಂಗೆ ಬೇಕು. ಎಲ್ಲಿ ಹೋಗಿ ಹುಡುಕ್ಲಿ? ಕಾಗದ ನೋಡಿ ಹೇಳಿ."

ಮಿಸ್ ಉಸಿರು ಬಿಟ್ಟಳು. ಎಂಥ ಸುಲಭದ ಪ್ರಶ್ನೆ! ತಂಗಿ, ಬಂದರು, ಬಟ್ಟೆ ಒಗೆಯುವವರ ಕೇರಿ. ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಡಂಗುರನ ಕೈ ಮೇಲೆದ್ದಿತು. "ಬೆಟ್ಟದ ಕಡೆ ಸರ್."

"ಬೆಟ್ಟ? ಕಾಗದದಲ್ಲಿ ಬೆಟ್ಟ ಎಲ್ಲಪ್ಪ ಬಂತು?"

"ಎರಡನೇ ಲಂಗ ಗಂಟು ಕಟ್ಕೊಂಡು ಹೋಗಿದಾಳಲ್ಲ ಸರ್. ಬೆಟ್ಟದಲ್ಲಿ ಚಳಿ."

"ಹೌದು ಸರ್" ಎಂದು ವಕೀಲಮ್ಮ ಎದ್ದಳು. "ಬಂದರಿನಲ್ಲಿ ಸೆಕೆ. ಅಲ್ಲಿಗೆ ಹೋಗೋಳು ಲಂಗದ ಮೇಲೆ ಲಂಗ ಯಾಕೆ ಒಯ್ತಾಳೆ?"

ವಕೀಲಮ್ಮ ಪುರಾವೆಯಿಲ್ಲದ ಮಾತಿಗೆ ಹೌದು ಎಂದದ್ದು ಆ ವರ್ಷ ಅದೇ ಮೊದಲು. ಮಿಸ್‌ನ ಬೆನ್ನು ಗೋಡೆಯಿಂದ ಕಿತ್ತು ಬಂತು.

"ಇಲ್ಲಿ ತಂಗಿ ಇದ್ದಾಳೆ ಅಂತ ಸ್ಪಷ್ಟವಾಗಿ ಬರೆದಿದೆಯಲ್ಲ!" ಎಂದರು ಪರಿವೀಕ್ಷಕರು.

"ತಂಗಿಗೂ ಇವಳಿಗೂ ಮಾತಿಲ್ಲ ಸರ್" ಎಂದಿತು ಮೂರನೇ ಬೆಂಚು. "ದೊಡ್ಡ ಜಗಳ."

"ಅವಳು ಸತ್ತೇ ಹೋಗಿರ್ಬೇಕು ಸರ್" ಎಂದಿತು ಕೊನೆಯ ಬೆಂಚು, ಬಹಳ ವಿಷಾದದಿಂದ. "ಹುಡುಕೋದು ವೇಸ್ಟು. ಮನೆಗೆ ಹೋಗಿ ಆರಾಮಾಗಿರಿ."

ಪರಿವೀಕ್ಷಕರು ಜೇಬಿನಿಂದ ಪೆನ್ನು ತೆಗೆದು ಏನೋ ಬರೆದುಕೊಂಡರು. ಹಿಂದೆ ದೊಡ್ಡ ಮೇಡಂ ಕನ್ನಡಕ ತೆಗೆದರು. ಮಿಸ್ ಒಂದೊಂದು ಮುಖವನ್ನೂ ನೋಡಿದಳು. ಇದೇ ಮಕ್ಕಳು ಹೋದ ವಾರ ಈ ಕಾಗದವನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿದ್ದರು. ಇವತ್ತು ಒಬ್ಬರ ಸುಳ್ಳಿಗೆ ಇನ್ನೊಬ್ಬರು ಹೆಗಲು ಕೊಡುತ್ತಿದ್ದಾರೆ. ಏನಾಗಿದೆ ಇವರಿಗೆ?

"ನೀನು ಹೇಳಮ್ಮ" ಎಂದು ಪರಿವೀಕ್ಷಕರು ಕಿಟಕಿಯ ಕಡೆ ಬೊಟ್ಟು ಮಾಡಿದರು.

ಕಿಟಕಿ ಎದ್ದಳು. ನೆಲ ನೋಡಿದಳು. ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು:

"ನಾನು ನಿದ್ದೆ ಮಾಡ್ತಿದ್ದೆ ಸರ್."

"ಏನು?"

"ನಾನೂ ನಿದ್ದೆ ಮಾಡ್ತಿದ್ದೆ ಸರ್" ಎಂದು ಹಿಂದಿನ ಹುಡುಗ ಎದ್ದ. ಅವನ ಪಕ್ಕದವಳು ಎದ್ದಳು. ಡಂಗುರ, ತಾನು ಆಗಲೇ ಅವಳನ್ನು ಬೆಟ್ಟ ಹತ್ತಿಸಿದ್ದನ್ನು ಮರೆತು, ತಾನೂ ಎದ್ದು ಆಕಳಿಸಿದ.

ಪರಿವೀಕ್ಷಕರು ದೊಡ್ಡ ಮೇಡಂ ಕಡೆ ತಿರುಗಿದರು. "ಏನ್ರೀ ಇದು, ಈ ಪೀರಿಯಡ್‌ನಲ್ಲಿ ಇಡೀ ಕ್ಲಾಸು ಮಲಗಿಬಿಡತ್ತಾ?"

ಮಿಸ್‌ಗೆ ಆಗ ಅರ್ಥವಾಯಿತು. ನಾನೇ ಮಾಲೀಕ ಎಂದು ಅವರು ಹೇಳಿದ್ದರು. ಹೊರಗೆ ತೆಗೆಸೋಕೆ ಬರೋದು ಎಂದು ತಾನೇ ಹೇಳಿದ್ದಳು. ಯಾರಿಗೋಸ್ಕರ ಎಂದು ಬೋರ್ಡಿನ ಮೇಲೆ ತಾನೇ ಬರೆದಿಟ್ಟಿದ್ದಳು. ಮಕ್ಕಳು ಓದಿದ್ದನ್ನು ಮರೆತಿರಲಿಲ್ಲ. ಹಿಡಿಯಲು ಬಂದವನಿಗೆ ತಮ್ಮವಳನ್ನು ಅವರು ಬಿಟ್ಟುಕೊಡುತ್ತಿರಲಿಲ್ಲ.

ಒಂದು ಮಾತು ಸಾಕಿತ್ತು. ಪರವಾಗಿಲ್ಲ ಮಕ್ಕಳೇ, ಇದು ಆಟ, ಇವರು ನಮ್ಮವರೇ, ಹೇಳಿ. ಹೇಳಿಬಿಡುತ್ತಿದ್ದರು. ಪೀರಿಯಡ್ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳ ಕಣ್ಣು ಕಿಟಕಿಯ ಮೇಲೆ ಬಿತ್ತು. ಎದ್ದು ನಿಂತ ಆ ಹುಡುಗಿ ಈಗ ನೆಲ ನೋಡುತ್ತಿರಲಿಲ್ಲ. ಮಿಸ್ಸನ್ನೇ ನೋಡುತ್ತಿದ್ದಳು.

"ಮೇಡಂ, ನೀವಾದ್ರೂ ಹೇಳಿ" ಎಂದರು ಪರಿವೀಕ್ಷಕರು, ಸಹನೆ ಕಳೆದುಕೊಂಡು. "ಈ ಕಾಗದದ ಪ್ರಕಾರ ಆಕೆ ಎಲ್ಲಿರಬಹುದು? ಇವರಿಗೆ ನೀವೇನು ಕಲಿಸಿದೀರಿ?"

ಯಾವತ್ತೂ ಉತ್ತರಕ್ಕೆ ಹೊತ್ತು ತೆಗೆದುಕೊಳ್ಳುವವಳು ಈ ಸಲ ತೆಗೆದುಕೊಳ್ಳಲಿಲ್ಲ.

"ನಾನೂ ನಿದ್ದೆ ಮಾಡ್ತಿದ್ದೆ ಸರ್."

ದೊಡ್ಡ ಮೇಡಂ ಕೈಯಿಂದ ಕನ್ನಡಕ ನೆಲಕ್ಕೆ ಬಿತ್ತು. ಮಿಸ್‌ಗೆ ತಾನು ಆಡಿದ್ದು ಕೇಳಿಸಿದ್ದು ಆಮೇಲೆ. ಮುಗಿಯಿತು ಎಂದುಕೊಂಡಳು. ಎರಡೂ ಪೀರಿಯಡ್ ಗಣಿತಕ್ಕೆ. ಮೇಜಿನ ಹತ್ತಿರ ಹೋಗಿ ಡಬ್ಬಿಯಿಂದ ಕೋರ್ಟಿನ ಹಾಳೆಗಳನ್ನು ತೆಗೆದು, ಪರಿವೀಕ್ಷಕರ ಮುಂದಿಟ್ಟಳು. ಇದನ್ನು ತೋರಿಸಿದರೆ ಯಾರೂ ಸಿಕ್ಕಿಬೀಳುವುದಿಲ್ಲ.

ಅವರು ಮೊದಲು ನಿಂತೇ ಓದಿದರು. ಆಮೇಲೆ ಕುರ್ಚಿ ಎಳೆದು ಕೂತರು. ಬಡಗಿಯದನ್ನು ಓದಿದರು, ಅಡುಗೆಯವಳದನ್ನು ಓದಿದರು, ಬಾಣಂತಿಯ ಹತ್ತಿರ ಬಂದಾಗ ಬೆರಳು ನಿಂತಿತು. ತಲೆಯೆತ್ತಿ ಬೋರ್ಡಿನ ಮೇಲಿನ ಎರಡನೇ ಪ್ರಶ್ನೆಯನ್ನು ಮತ್ತೊಮ್ಮೆ ಓದಿದರು. ಕಿವಿಯ ತುದಿ ಮೆಲ್ಲಗೆ ಕೆಂಪಾಯಿತು. ಎದ್ದು ನಿಂತ ಮಕ್ಕಳು ಇನ್ನೂ ನಿಂತೇ ಇದ್ದರು.

"ಕೂತ್ಕೊಳ್ಳಿ" ಎಂದರು, ಗಂಟಲು ಸರಿಮಾಡಿಕೊಂಡು. "ನಾನು ಮಾಲೀಕ ಅಲ್ಲ. ಆ ಮಾತು ವಾಪಸ್ಸು. ಈಗ ನಾನು ಆ ಹೆಂಗಸಿನ ತಮ್ಮ ಅಂತ ಇಟ್ಕೊಳ್ಳಿ. ಅಕ್ಕನ್ನ ಹುಡುಕ್ತಾ ಬಂದಿದೀನಿ. ಹೇಳ್ತೀರಾ?"

ಬೆಂಚುಗಳು ಒಂದನ್ನೊಂದು ನೋಡಿಕೊಂಡವು. ವಕೀಲಮ್ಮ ಕೈ ಎತ್ತಿದಳು.

"ಕಾಗದದಲ್ಲಿ ತಂಗಿ ಮಾತ್ರ ಇದಾಳೆ ಸರ್. ನೀವು ತಮ್ಮ ಅನ್ನೋಕೆ ಪುರಾವೆ?"

ಪರಿವೀಕ್ಷಕರು ಜೇಬು ಮುಟ್ಟಿ ನೋಡಿಕೊಂಡರು, ನಿಜಕ್ಕೂ ಅಲ್ಲಿ ಏನಾದರೂ ಇರಬಹುದೇ ಎಂಬಂತೆ. ಆಮೇಲೆ ನಕ್ಕರು. ಜೋರಾಗಿ ಅಲ್ಲ, ಮೂಗಿನಲ್ಲಿ. ಎದ್ದು ತಮ್ಮ ಪುಸ್ತಕ, ಪೆನ್ನು ಎತ್ತಿಕೊಂಡರು, ನೀಲಿ ಲಂಗದವಳ ಕಾಗದವನ್ನೂ ಅಭ್ಯಾಸಬಲದಿಂದ ಮಡಿಚಿ ಜೇಬಿಗಿಟ್ಟರು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಕಿಟಕಿ ಅಲ್ಲಿ ನಿಂತಿದ್ದಳು. ಅಂಗೈ ಚಾಚಿದ್ದಳು.

ಅವರಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ, ಜೇಬಿನಿಂದ ಕಾಗದ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವಳ ಅಂಗೈ ಮೇಲಿಟ್ಟರು.

"ಜೋಪಾನ" ಎಂದರು.

ವರದಿ ಬರುವವರೆಗೆ ಮಿಸ್‌ಗೆ ಊಟ ಸೇರಲಿಲ್ಲ. ದೊಡ್ಡ ಮೇಡಂ ಅವಳ ಮೇಲೆ ರೇಗಿದರು, ಆಮೇಲೆ ಬಾಗಿಲು ಹಾಕಿಕೊಂಡು ಒಬ್ಬರೇ ನಕ್ಕರು ಎಂದು ಜವಾನ ಹೇಳಿದ. ಮನೆಯಲ್ಲಿ ಕಥೆ ಕೇಳಿದ ತಮ್ಮ, "ನಮ್ಮಕ್ಕನ ಬಾಯಲ್ಲಿ ವರ್ಷಕ್ಕೊಂದು ಮಾತು ಬರತ್ತೆ, ಅದೂ ನಿದ್ದೆ ಬಗ್ಗೆ" ಎಂದು ಕೆಣಕಿದ. ಅಮ್ಮ ಮಾತ್ರ ಹೆಣೆಯುವುದನ್ನು ನಿಲ್ಲಿಸಿ, "ಮಕ್ಕಳು ನಿನ್ನನ್ನೂ ಬಿಟ್ಕೊಡಲ್ಲ ಬಿಡು" ಎಂದಳು.

ಕೊನೆಗೆ ವರದಿ ಬಂತು. ದೊಡ್ಡ ಮೇಡಂ ಸ್ಟಾಫ್ ರೂಮಿನಲ್ಲಿ ಕನ್ನಡಕ ಹಾಕಿಕೊಂಡೇ ಓದಿದರು: 'ವಿದ್ಯಾರ್ಥಿಗಳು ಮೂಲ ಆಕರಗಳನ್ನು ಚೆನ್ನಾಗಿ ಓದಬಲ್ಲರು. ಓದಿ ತಿಳಿದದ್ದನ್ನು ಪರಿವೀಕ್ಷಕರಿಗೆ ತಿಳಿಸಲು ಒಪ್ಪಲಿಲ್ಲ. ಇದಕ್ಕೆ ಪರಿವೀಕ್ಷಕರ ಪ್ರಶ್ನೆಯೇ ಕಾರಣ. ಅವಧಿ ಮುಂದುವರಿಯಲಿ. ಆದರೆ ಪಠ್ಯಭಾಗ ಹಿಂದೆ ಬಿದ್ದಿರುವುದು ನಿಜ. ವಾರಕ್ಕೆ ಒಂದು ಸಾಕು.'

ಒಂದು ಉಳಿಯಿತು, ಒಂದು ಹೋಯಿತು. ಗಣಿತದ ಮೇಷ್ಟ್ರು ತಮ್ಮ ಪಾಲಿನ ಪೀರಿಯಡ್ ಪಡೆದು, ಅಪರಾಧಿಯ ಹಾಗೆ ಅವಳಿಗೆ ಚಹಾ ತಂದುಕೊಟ್ಟರು. ಅವಳು ಬಿಸಿಯಿರುವಾಗಲೇ ಕುಡಿದಳು.

ಆ ದಿನ ಪಾಠ ಮುಗಿದ ಮೇಲೆ ಮಕ್ಕಳೆಲ್ಲ ಕಾಗದಗಳನ್ನು ಡಬ್ಬಿಗೆ ಹಾಕಿ ಹೊರಗೆ ನುಗ್ಗಿದರು. ಕಿಟಕಿ ಕೊನೆಯವಳು. ಮಡಿಕೆಯನ್ನು ಉಗುರಿನಿಂದ ತೀಡುತ್ತಿದ್ದಳು. ಮಿಸ್ ಅವಳ ಪಕ್ಕದ ಬೆಂಚಿನಲ್ಲಿ ಕೂತಳು. ಮಾಲೀಕನಿಗೇ ತಿಳಿದಿದ್ದ ತಂಗಿಯ ಮನೆಗೆ ಆ ಹೆಂಗಸು ಹೋಗಿರಲಾರಳು. ಅಷ್ಟು ಮಿಸ್‌ಗೂ ಹೊಳೆದಿತ್ತು. ಎರಡನೇ ಲಂಗ, ಹೊಲಿಗೆಯ ಕೈ, ಹಿಂದೆ ಸಿಕ್ಕಿಬಿದ್ದು ಕಲಿತ ಬುದ್ಧಿ, ಇವನ್ನೆಲ್ಲ ಕೂಡಿಸಿ ಈ ಹುಡುಗಿ ಬೇರೆ ಏನೋ ಕಂಡುಕೊಂಡಿದ್ದಾಳೆ ಎಂದು ಬಹಳ ದಿನದಿಂದ ಗುಮಾನಿ.

"ಯಾರೂ ಇಲ್ಲ ಈಗ" ಎಂದಳು, ದನಿ ತಗ್ಗಿಸಿ. "ನಂಗೊಬ್ಬಳಿಗೆ ಹೇಳೇ. ಎಲ್ಲಿದಾಳೆ ಅವಳು?"

ಕಿಟಕಿ ಮಿಸ್‌ನ ಮುಖವನ್ನು ಒಂದು ಗಳಿಗೆ ನೋಡಿದಳು, ಪ್ರೀತಿಯಿಂದಲೇ. ಆಮೇಲೆ ನೆಲ ನೋಡಿದಳು.

"ಗೊತ್ತಿಲ್ಲ ಮಿಸ್" ಎಂದಳು.